ಎಂಟಕ್ಕೆ ಎಂಟು

2022ರ ಡಿಸೆಂಬರ್ ಬೆಂಗಳೂರು ಎಫ್‌ಸಿ ಅಭಿಮಾನಿಯ ಮನೆಯವರ ಪಾಲಿಗೆ ಬಹಳ ಒಳ್ಳೆಯ ತಿಂಗಳು. ತಂಡ ಸೋಲುತ್ತಿತ್ತು, ಮನುಷ್ಯ ಸುಧಾರಿಸುತ್ತಿದ್ದ. ಶನಿವಾರ ಸಂಜೆ ಮನೆಯಲ್ಲೇ ಇರುತ್ತಿದ್ದ. ಹೆಂಡತಿಯ ಜೊತೆ ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಹೋಗಿ ಅವರೆಕಾಯಿ ಆರಿಸಿ ತಂದ. ಬಚ್ಚಲಮನೆಯಲ್ಲಿ ಗಣೇಶನ ಹಬ್ಬದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ವಾಷರ್ ಹಾಕಿದ. ಕತಾರಿನಲ್ಲಿ ಮೆಸ್ಸಿ ವಿಶ್ವಕಪ್ ಎತ್ತಿದ್ದನ್ನು ಕೈಯಲ್ಲಿ ತಟ್ಟೆ ಹಿಡಿದು, ಯಾರಿಗೂ ಬೈಯದೆ ನೋಡಿದ. ಅವನ ಅತ್ತೆ ಮಗಳಿಗೆ ಫೋನ್ ಮಾಡಿ, "ನಿನ್ ಗಂಡ ಎಷ್ಟು ಬದಲಾಗಿದ್ದಾರಲ್ಲೇ" ಎಂದರು.

ಈ ಶಾಂತಿಗೆ ಕಾರಣ ಅಂಕಪಟ್ಟಿ. ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಹನ್ನೊಂದು ತಂಡಗಳಲ್ಲಿ ಬೆಂಗಳೂರು ಕೆಳಗಡೆ ಕೂತಿತ್ತು. ಡಿಸೆಂಬರ್ 30ರಂದು ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಸೋತಾಗ ಲೆಕ್ಕ ಹೀಗಿತ್ತು: ಆಡಿದ್ದು 12, ಗೆದ್ದದ್ದು 3, ಡ್ರಾ 1, ಸೋತದ್ದು 8. ಅಂದು ಈಸ್ಟ್ ಬೆಂಗಾಲ್‌ನ ಎರಡೂ ಗೋಲು ಹೊಡೆದ ಕ್ಲೀಟನ್ ಸಿಲ್ವಾ ಹಿಂದಿನ ಸೀಸನ್‌ನಲ್ಲಿ ಬೆಂಗಳೂರಿನವನೇ. ನಮ್ಮ ಮನೆಯ ಉಪ್ಪು ತಿಂದು ಹೋದವನು ಹೊಡೆದರೆ ನೋವು ಜಾಸ್ತಿ ಎಂದು ಅಭಿಮಾನಿ ಒಂದು ನಿಟ್ಟುಸಿರು ಬಿಟ್ಟು, ಟೀವಿ ಆರಿಸಿ, ಹೊಸ ವರ್ಷದ ಕೇಕಿಗೆ ಆರ್ಡರ್ ಕೊಡಲು ಹೊರಟ.

ಇವನನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇವನು ಮುದ್ದಿನಲ್ಲಿ ಬೆಳೆದವನು ಎಂಬುದು ಗೊತ್ತಿರಬೇಕು. ಕ್ಲಬ್ ಹುಟ್ಟಿದ್ದು 2013ರಲ್ಲಿ. ಆಡಿದ ಮೊದಲ ಸೀಸನ್‌ನಲ್ಲೇ ಐ-ಲೀಗ್ ಚಾಂಪಿಯನ್. 2015–16ರಲ್ಲಿ ಮತ್ತೊಮ್ಮೆ. ನಡುವೆ ಫೆಡರೇಷನ್ ಕಪ್. 2016ರಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಹೆಚ್ಚುವರಿ ಅವಧಿಯ ಕೊನೆಗೆ ರಾಹುಲ್ ಭೇಕೆ ತಲೆ ಕೊಟ್ಟು ಗೋವಾವನ್ನು ಮಣಿಸಿದಾಗ ಐಎಸ್‌ಎಲ್ ಕಪ್ಪೂ ಬಂತು. ಪಕ್ಕದ ಚಿನ್ನಸ್ವಾಮಿ ಕ್ರೀಡಾಂಗಣದವರು ವರ್ಷಾ ವರ್ಷ 'ಈ ಸಲ ಕಪ್ ನಮ್ದೇ' ಎಂದು ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದ ಕಾಲದಲ್ಲಿ, ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ನಿಂತು ನೀಲಿ ಸ್ಕಾರ್ಫ್ ಬೀಸುತ್ತಿದ್ದ ಇವನಿಗೆ ಒಂದು ಗುಪ್ತ ಅಹಂಕಾರ ಬೆಳೆದಿತ್ತು. ಆರ್‌ಸಿಬಿ ಅಭಿಮಾನಿಗಳನ್ನು ಕಂಡರೆ ಬಡ ನೆಂಟರನ್ನು ಕಂಡ ಹಾಗೆ ಮುಗುಳ್ನಗುತ್ತಿದ್ದ. ಆಮೇಲೆ 2020–21ರಲ್ಲಿ ಏಳನೇ ಸ್ಥಾನ, ಮರುವರ್ಷ ಆರನೇ ಸ್ಥಾನ. ಮುಗುಳ್ನಗೆ ನಿಂತಿತು. 2022ರ ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಗೆದ್ದಾಗ ಸ್ವಲ್ಪ ಚಿಗುರಿದ್ದು ನವೆಂಬರ್ ಹೊತ್ತಿಗೆ ಒಣಗಿತು. ಆ ನವೆಂಬರ್‌ನಲ್ಲಿ ಅವನಾಡಿದ ಮಾತುಗಳು ಅವನ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಂದಿಗೂ ಇವೆ: ಚೆಟ್ರಿಗೆ ವಯಸ್ಸಾಯಿತು, ರಾಯ್ ಕೃಷ್ಣ ಫಿಜಿಗೆ ವಾಪಸು ಹೋಗಬಹುದು, ಕೋಚ್ ಸೈಮನ್ ಗ್ರೇಸನ್‌ಗೆ ಟಿಕೆಟ್ ನಾನೇ ಬುಕ್ ಮಾಡುತ್ತೇನೆ.

ಜನವರಿಯ ಮೊದಲ ವಾರ ಆಫೀಸಿನ ಕ್ಯಾಂಟೀನಿನಲ್ಲಿ, ಇಡ್ಲಿವಡೆಯ ಬಿಲ್ಲಿನ ಹಿಂಬದಿಯಲ್ಲಿ ಅವನೊಂದು ಲೆಕ್ಕ ಹಾಕಿದ. ಇರುವುದು 10 ಪಾಯಿಂಟು, ಉಳಿದಿರುವುದು ಎಂಟು ಪಂದ್ಯ. "ಎಂಟಕ್ಕೆ ಎಂಟೂ ಗೆದ್ರೆ ಮೂವತ್ನಾಲ್ಕು. ಆರಾಮಾಗಿ ಪ್ಲೇಆಫ್ ಹೋಗ್ತೀವಿ."

ಹೇಳಿದ್ದು ತಮಾಷೆಗೆ. ಎದುರಿಗೆ ಕೂತಿದ್ದ ತ್ರಿಶೂರಿನ ಸಹೋದ್ಯೋಗಿ ಕೇರಳ ಬ್ಲಾಸ್ಟರ್ಸ್‌ನ ಕಡು ಅಭಿಮಾನಿ, ಹಳದಿ ಪಡೆಯವನು. ಬೆಂಗಳೂರಿಗೆ ಬಂದು ಕನ್ನಡ ಕಲಿತಿದ್ದೇ ಇವನ ಜೊತೆ ಜಗಳವಾಡುವುದಕ್ಕೆ. "ಎಂಟಕ್ಕೆ ಎಂಟು ಗೆದ್ರೆ ನಾನು ಮುಂಡು ಬಿಟ್ಟು ಪಂಚೆ ಉಟ್ಕೊಂಡು ಬರ್ತೀನಿ ಗುರು" ಎಂದ. ಎರಡೂ ಒಂದೇ ಅಲ್ಲವೇನೋ ಎಂದು ಮೂರನೆಯವನೊಬ್ಬ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಜನವರಿ 6, ಗುವಾಹಟಿ. ನಾರ್ತ್‌ಈಸ್ಟ್ ಯುನೈಟೆಡ್ ಜೊತೆ 1–1. ಪಂದ್ಯ ಮುಗಿಯುವ ಹೊತ್ತಿಗೆ ಅಡುಗೆಮನೆಯಿಂದ ಬಂದ ಅವನ ತಾಯಿ ಟೀವಿ ಮುಂದೆ ನಿಂತು, "ಇದ್ರಲ್ಲಿ ನಮ್ಮೋರು ಯಾರೋ?" ಎಂದು ಕೇಳಿದರು. ಅವನು ಬೇಸರದಿಂದ ಉತ್ತರಿಸುವಷ್ಟರಲ್ಲಿ ಬೆಂಗಳೂರಿನ ಅಲನ್ ಕೋಸ್ಟಾ ಗೋಲು ಹೊಡೆದೇಬಿಟ್ಟ. ಅಲ್ಲಿಗೆ ಆ ಹೆಂಗಸಿನ ನೆಮ್ಮದಿ ಮುಗಿಯಿತು. ಮುಂದಿನ ಪ್ರತಿ ಪಂದ್ಯದಲ್ಲೂ ಎಂಬತ್ತನೇ ನಿಮಿಷ ದಾಟಿದ ಮೇಲೆ ಅವರು ಬಂದು ಅದೇ ಜಾಗದಲ್ಲಿ ನಿಂತು, ಅದೇ ಪ್ರಶ್ನೆ ಕೇಳಬೇಕಾಯಿತು. ಒಡಿಶಾ ವಿರುದ್ಧ 3–1. ಜಮ್ಶೆಡ್‌ಪುರದ ವಿರುದ್ಧ 3–0. ಮೂರು ಗೋಲಿನ ಮುನ್ನಡೆ ಇದ್ದರೂ ಕೇಳಿಸಿದ. ಚೆನ್ನೈಯಿನ್ ವಿರುದ್ಧ 3–1. ಕೋಲ್ಕತ್ತಕ್ಕೆ ಹೋಗಿ ಮೋಹನ್ ಬಾಗಾನ್ ವಿರುದ್ಧ 2–1.

ಫೆಬ್ರುವರಿ 11, ಶನಿವಾರ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್. ಅಭಿಮಾನಿ ವೆಸ್ಟ್ ಬ್ಲಾಕಿನಲ್ಲಿದ್ದ, ತಾಯಿ ನೆಂಟರ ಮದುವೆಯ ಆರತಕ್ಷತೆಯಲ್ಲಿದ್ದರು. ರಾಯ್ ಕೃಷ್ಣ ಮೊದಲಾರ್ಧದಲ್ಲೇ ಗೋಲು ಹೊಡೆದಾಗಿತ್ತು. ಆದರೂ ಎಂಬತ್ತನೇ ನಿಮಿಷಕ್ಕೆ ಇವನು ಫೋನ್ ಹಚ್ಚಿದ. ಈ ಕಡೆ ಡೋಲು, ಆ ಕಡೆ ನಾದಸ್ವರ. ಐದು ವಾರದಿಂದ ಒಂದೇ ಪ್ರಶ್ನೆ ಕೇಳಿ ಬೇಸತ್ತಿದ್ದ ತಾಯಿ, "ನೀಲಿಯೋರು ಕಣೋ, ಗೊತ್ತಾಯ್ತು ಬಿಡು" ಎಂದುಬಿಟ್ಟರು. ಪ್ರಶ್ನೆ ಕೇಳಬೇಕಾದವರು ಉತ್ತರ ಹೇಳಿದರೆ ಗತಿಯೇನು! "ಕೇಳಮ್ಮಾ, ಮೊದ್ಲು ಕೇಳು!" ಎಂದು ಅವನು ಗೋಗರೆದದ್ದು ಅಕ್ಕಪಕ್ಕದ ನಾಲ್ಕು ಸಾಲಿಗೆ ಕೇಳಿಸಿತು. ಅವರು ಕೇಳಿದರು. 1–0 ಉಳಿಯಿತು. ತಂತ್ರಗಾರಿಕೆ, ಶಿವಶಕ್ತಿ ನಾರಾಯಣನ್ ಎಂಬ ಹುಡುಗನ ಓಟ, ಜಿಂಗನ್ ಕಟ್ಟಿದ ರಕ್ಷಣೆ ಇವೆಲ್ಲ ಗೆಲುವಿಗೆ ಕಾರಣ ಎಂದು ಪತ್ರಿಕೆಗಳು ಬರೆದವು. ಪತ್ರಿಕೆಗಳಿಗೆ ಒಳಗಿನ ವಿಷಯ ಗೊತ್ತಿರುವುದಿಲ್ಲ.

ನಾಲ್ಕು ದಿನ ಬಿಟ್ಟು ಮುಂಬೈ ಸಿಟಿ ಬಂತು. ಆ ಸೀಸನ್‌ನಲ್ಲಿ ಅಲ್ಲಿಯವರೆಗೆ ಲೀಗಿನ ಒಂದು ಪಂದ್ಯವನ್ನೂ ಸೋಲದ ತಂಡ. ಅದನ್ನೂ 2–1ರಿಂದ ಕೆಡವಿದಾಗ ಬೆಂಗಳೂರಿನ ಪಾಯಿಂಟು 31 ಆಯಿತು. ಇಷ್ಟಾದರೂ ಪ್ಲೇಆಫ್ ಖಚಿತವಾಗಿರಲಿಲ್ಲ. ಆ ವರ್ಷದಿಂದ ಮೊದಲ ಆರು ತಂಡಗಳಿಗೆ ಅವಕಾಶ. ಎಫ್‌ಸಿ ಗೋವಾ 27ರಲ್ಲಿತ್ತು, ಅದಕ್ಕೆ ಎರಡು ಪಂದ್ಯ ಬಾಕಿ ಇದ್ದವು. ಮರುದಿನ ಗೋವಾ ಆಡಬೇಕಾಗಿದ್ದುದು ಯಾರ ಜೊತೆ? ಚೆನ್ನೈಯಿನ್ ಎಫ್‌ಸಿ ಜೊತೆ.

ಇಲ್ಲಿ ಅಭಿಮಾನಿಯ ಸಂಕಟವನ್ನು ಸ್ವಲ್ಪ ಊಹಿಸಿಕೊಳ್ಳಬೇಕು. 2018ರ ಮಾರ್ಚ್ 17ರಂದು ಇದೇ ಕಂಠೀರವದಲ್ಲಿ, ಅವನ ಕಣ್ಣೆದುರೇ, ಫೈನಲ್‌ನಲ್ಲಿ ಬೆಂಗಳೂರನ್ನು 3–2ರಿಂದ ಸೋಲಿಸಿ ಕಪ್ ಹೊತ್ತುಕೊಂಡು ಹೋದವರು ಈ ಚೆನ್ನೈಯಿನ್‌ನವರು. ಮೈಲ್ಸನ್ ಆಲ್ವೆಸ್ ತಲೆಯಿಂದ ಹೊಡೆದ ಆ ಎರಡು ಗೋಲು ಅವನ ಕನಸಿನಲ್ಲಿ ವರ್ಷಗಟ್ಟಲೆ ಬಂದಿದ್ದವು. ಕ್ರಿಕೆಟ್‌ನಲ್ಲೂ ಚೆನ್ನೈ ಎಂದರೆ ಆಗದು. ಆ ಗುರುವಾರ ರಾತ್ರಿ ಅದೇ ಚೆನ್ನೈಗೆ ಜಯವಾಗಲಿ ಎಂದು ರಾಜಾಜಿನಗರದ ಮನೆಯಲ್ಲಿ ಅವನು ದೇವರಿಗೆ ತುಪ್ಪದ ದೀಪ ಹಚ್ಚಿಸಿದ.

ಎಂಬತ್ತನೇ ನಿಮಿಷಕ್ಕೆ ತಾಯಿ ಕರ್ತವ್ಯಪ್ರಜ್ಞೆಯಿಂದ ಬಂದು ನಿಂತರು. "ಇದ್ರಲ್ಲಿ ನಮ್ಮೋರು ಯಾರೋ?"

ಅವನು ಸ್ವಲ್ಪ ಹೊತ್ತು ನೆಲ ನೋಡಿದ. "ಇವತ್ತೊಂದಿನ... ಚೆನ್ನೈನೋರು, ಅಮ್ಮ."

"ಅವ್ರು ಗೆದ್ರೆ ನಿಂಗೇನೋ ಲಾಭ? ಆಮೇಲೆ ನೀರು ಬಿಡಿ ಅಂತಾರಷ್ಟೆ."

ಅವನು ಹಾಳೆ ಪೆನ್ನು ತಂದು ವಿವರಿಸಿದ. ಗೋವಾ ಇದನ್ನು ಸೋತರೆ, ಉಳಿದ ಒಂದು ಗೆದ್ದರೂ 30. ನಾವು ಈಗಾಗಲೇ 31. ತಾಯಿ ಹಾಳೆಯತ್ತ ಕಣ್ಣೂ ಹಾಯಿಸದೆ, "ಪಕ್ಕದ ಹುಡುಗ ಫೇಲಾದ್ರೆ ನೀನು ಪಾಸು ಅಂತ ಹೇಳು, ಅಷ್ಟೇ ತಾನೇ" ಎಂದು ಒಳಗೆ ಹೋದರು. ಚೆನ್ನೈಯಿನ್ 2–1ರಿಂದ ಗೆದ್ದಿತು. ಅವನು ಕುಣಿದ ರಭಸಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಬಾಗಿಲು ತೆರೆದವನೇ ಅವರನ್ನೂ ಅಪ್ಪಿಕೊಂಡ. ನಿವೃತ್ತ ಬ್ಯಾಂಕ್ ಮ್ಯಾನೇಜರು, ಹನ್ನೆರಡು ವರ್ಷದಿಂದ ಕಾರ್ ಪಾರ್ಕಿಂಗ್ ವಿಷಯಕ್ಕೆ ಮಾತು ಬಿಟ್ಟವರು. ಏನಾಯಿತೆಂದು ತಿಳಿಯದೆ "ಕಂಗ್ರಾಚುಲೇಷನ್ಸ್, ಗಂಡಾ ಹೆಣ್ಣಾ?" ಎಂದು ಕೇಳಿ ಹೋದರು.

ಇನ್ನು ಅವನ ಗತಕಾಲದ ರಿಪೇರಿ ಶುರುವಾಯಿತು. ಅನಿರೀಕ್ಷಿತವಾಗಿ ಗೆದ್ದ ತಂಡದ ಅಭಿಮಾನಿಗೆ ಆ ಗೆಲುವು ಅನಿರೀಕ್ಷಿತ ಎಂದು ಯಾರಾದರೂ ಹೇಳಿದರೆ ಸಿಟ್ಟು ಬರುತ್ತದೆ. "ನಾನು ಜನವರಿಯಲ್ಲೇ ಹೇಳಿದ್ದೆ" ಎಂದು ಆಫೀಸೆಲ್ಲ ಸಾರಿದ. ಇಡ್ಲಿವಡೆಯ ಬಿಲ್ಲಿಗಾಗಿ ಪ್ಯಾಂಟಿನ ಜೇಬುಗಳನ್ನೆಲ್ಲ ತಡಕಿದ. ಗ್ರೇಸನ್‌ಗೆ ಟಿಕೆಟ್ ಬುಕ್ ಮಾಡುವ ಮೆಸೇಜನ್ನು ಗೆಳೆಯನೊಬ್ಬ ಎತ್ತಿ ತೋರಿಸಿದಾಗ, ಅದು ವಿಮಾನದ ಟಿಕೆಟ್ಟಲ್ಲ, ಫೈನಲ್ ಪಂದ್ಯದ ಟಿಕೆಟ್ಟು ಎಂದು ವಾದಿಸಿದ. ಫೆಬ್ರುವರಿ 23ರಂದು ಗೋವಾವನ್ನೂ 3–1ರಿಂದ ಸೋಲಿಸಿ ಎಂಟಕ್ಕೆ ಎಂಟಾಯಿತು. ಪಾಯಿಂಟು 34, ಸ್ಥಾನ ನಾಲ್ಕು. ಐದನೆಯ ಸ್ಥಾನದಲ್ಲಿ ಕೇರಳ ಬ್ಲಾಸ್ಟರ್ಸ್. ನಿಯಮದ ಪ್ರಕಾರ ನಾಲ್ಕು ಮತ್ತು ಐದು ಕಂಠೀರವದಲ್ಲಿ ಸೆಣಸಬೇಕು, ಒಂದೇ ಪಂದ್ಯ. ತ್ರಿಶೂರಿನವನು ಮಾತಿನಂತೆ ಪಂಚೆಯುಟ್ಟೇ ಆಫೀಸಿಗೆ ಬಂದ. ಬಂಗಾರದ ಅಂಚಿನದು, ಮುಂಡು ಅಲ್ಲವೆಂದು ಯಾರೂ ಸಾಬೀತು ಮಾಡಲಾಗಲಿಲ್ಲ.

ಮಾರ್ಚ್ 3ರ ರಾತ್ರಿ ನಡೆದದ್ದು ಫುಟ್‌ಬಾಲ್ ನೋಡದವರಿಗೂ ಗೊತ್ತಿದೆ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ ಫ್ರೀ ಕಿಕ್. ಕೇರಳದವರು ಗೋಡೆ ಕಟ್ಟುವ ಮೊದಲೇ ಸುನಿಲ್ ಚೆಟ್ರಿ ಚೆಂಡನ್ನು ಒಳಗೆ ಕಳಿಸಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲೆಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಕರೆದುಕೊಂಡು ಹೊರನಡೆದರು. ವೆಸ್ಟ್ ಬ್ಲಾಕಿನಲ್ಲಿ ನಿಂತವನಿಗೆ ಕುಣಿಯಬೇಕೋ ಕಾಯಬೇಕೋ ತಿಳಿಯಲಿಲ್ಲ. ಕೊನೆಗೆ ಗೆಲುವು ಘೋಷಣೆಯಾದ ಮೇಲೆ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದವರೆಗೆ ಒಂದೇ ಮಾತು ಹೇಳುತ್ತ ಹೋದ: "ರೆಫರಿ ಹೇಳಿದ್ದೇ ಕಾನೂನು. ಅದನ್ನ ಪ್ರಶ್ನೆ ಮಾಡೋದೇ ತಪ್ಪು."

ಮರುದಿನ, ಅಂದರೆ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಗೆದ್ದದ್ದು ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ, 54 ವರ್ಷದ ಕೆಳಗೆ. ನಮ್ಮ ಅಭಿಮಾನಿ ಅಂದು ಹಗಲಿಡೀ ಚೆಟ್ರಿಯ ಫ್ರೀ ಕಿಕ್ ವಿಡಿಯೊ ನೋಡುತ್ತಿದ್ದ. ಸಂತೋಷ್ ಟ್ರೋಫಿ ಸುದ್ದಿ ಅವನಿಗೆ ತಲುಪಿದ್ದು ಸೋಮವಾರ, ಅದೂ ಆಸ್ಟಿನ್ ಟೌನಿನಿಂದ ಬರುವ ಕ್ಯಾಬ್ ಡ್ರೈವರ್ ಬಾಯಿಂದ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ ಎಂದೂ ಆ ಡ್ರೈವರೇ ಹೇಳಿದ. ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಹುಟ್ಟಿತು ಎಂದು ನಂಬಿದವನಿಗೆ ಇದು ಸ್ವಲ್ಪ ಕಸಿವಿಸಿಯ ಸಂಗತಿ. ದಾರಿಯಿಡೀ ಸುಮ್ಮನಿದ್ದು, ಇಳಿಯುವಾಗ ಡ್ರೈವರ್‌ಗೆ ಐದು ಸ್ಟಾರ್ ಕೊಟ್ಟ.

ಸೆಮಿಫೈನಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂಬೈ ಸಿಟಿ ವಿರುದ್ಧ ಅವರದೇ ಊರಿನಲ್ಲಿ ಬದಲಿಯಾಗಿ ಇಳಿದ ಚೆಟ್ರಿಯ ಹೆಡರ್‌ನಿಂದ 1–0, ಇಲ್ಲಿ 1–2, ಆಮೇಲೆ ಪೆನಾಲ್ಟಿಯಲ್ಲಿ 9–8. ಗೋಲ್‌ಕೀಪರ್ ಗುರುಪ್ರೀತ್ ಚೆಂಡು ತಡೆದಾಗ, ಜಿಂಗನ್ ಒದೆಯುವ ಮೊದಲು, ಇವನು ತಾಯಿಗೆ ಮಾಡಿದ ಫೋನು ಬ್ಯುಸಿ ಬಂತಂತೆ. ಆ ಹತ್ತು ಸೆಕೆಂಡು ಅವನ ಆಯುಷ್ಯದಲ್ಲಿ ಕಡಿತವಾಗಿದೆ.

ಮಾರ್ಚ್ 18ರ ಫೈನಲ್ ಗೋವಾದ ಫತೋರ್ಡಾದಲ್ಲಿ. ರಜೆಗೆ ಅರ್ಜಿ ಹಾಕಿದ, ರಾತ್ರಿ ಬಸ್ಸಿಗೆ ಸೀಟು ಹಿಡಿದ. ಬ್ಯಾಗಿಗೆ ಬಟ್ಟೆ ತುಂಬುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಮದುವೆಯಾದಾಗಿನಿಂದ ಗೋವಾ ಗೋವಾ ಅಂತಿದೀನಿ, ಆಗೆಲ್ಲ ರಜಾ ಇರ್ಲಿಲ್ಲ" ಎಂದಳು. "ನೀನೂ ಬಾ, ಮ್ಯಾಚ್ ಆದ್ಮೇಲೆ ಸಮುದ್ರ ನೋಡೋಣ" ಎಂದ. ಅವಳು ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು. ಎಟಿಕೆ ಮೋಹನ್ ಬಾಗಾನ್ ಜೊತೆ 2–2, ಶೂಟೌಟ್‌ನಲ್ಲಿ 3–4ರ ಸೋಲು. ಪಂದ್ಯದ ಕೊನೆಗೆ ಬಾಗಾನ್‌ಗೆ ಸಿಕ್ಕ ಪೆನಾಲ್ಟಿ ಸರಿಯೇ ಅಲ್ಲ ಎಂದು ನೀಲಿ ಪಾಳಯವೆಲ್ಲ ಕೂಗಿತು. ಕ್ಲಬ್ ಮಾಲೀಕ ಪಾರ್ಥ್ ಜಿಂದಾಲ್ ಅವರೇ ಲೀಗಿಗೆ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಬೇಕೆಂದು ಬಹಿರಂಗವಾಗಿ ಹೇಳಿದರು. ಹದಿನೈದು ದಿನದ ಹಿಂದೆ ರೆಫರಿ ಹೇಳಿದ್ದೇ ಕಾನೂನು ಎಂದಿದ್ದವನು ಮಡಗಾಂವಿನಿಂದ ಬೆಂಗಳೂರಿನವರೆಗೆ ಬಸ್ಸಿನಲ್ಲಿ, ನಿದ್ದೆ ಹೋದವರನ್ನೂ ಎಬ್ಬಿಸಿ, ಈ ದೇಶದಲ್ಲಿ ರೆಫರಿಗಳನ್ನು ಪ್ರಶ್ನಿಸುವವರೇ ಇಲ್ಲವಾಗಿದ್ದಾರೆ ಎಂದು ಕೊರಗಿದ.

ಸೋಮವಾರ ಕ್ಯಾಂಟೀನಿನಲ್ಲಿ ತ್ರಿಶೂರಿನವನು ಕಾಫಿ ತಂದು ಎದುರು ಕೂತ. ಮಾರ್ಚ್ 3ರ ನಂತರ ಮಾತಾಡಿದ್ದು ಅದೇ ಮೊದಲು. "ನಾವಾದ್ರೂ ಎದ್ದು ಹೋದ್ವಿ ಗುರು. ನೀವು ಕೊನೇ ತನಕ ಕೂತು ಸೋತ್ರಿ."

ಇದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಲೀಗಿನಲ್ಲಿ ಚಾಂಪಿಯನ್ನರಿಗೂ 34, ನಮಗೂ 34 ಎಂದೇನೋ ಗೊಣಗಿದ. ಉತ್ತರ ಸಿಕ್ಕಿದ್ದು ಮಾರ್ಚ್ 31ರಂದು. ಪಂದ್ಯ ಬಿಟ್ಟು ಹೋದದ್ದಕ್ಕೆ ಫುಟ್‌ಬಾಲ್ ಫೆಡರೇಷನ್ನು ಕೇರಳ ಬ್ಲಾಸ್ಟರ್ಸ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ ವಿಧಿಸಿತು. ಸುದ್ದಿಯನ್ನು ಅವನು ಆಫೀಸಿನ ಪ್ರಿಂಟರಿನಲ್ಲೇ ಅಚ್ಚು ತೆಗೆದು, ತ್ರಿಶೂರಿನವನ ಮಾನಿಟರಿಗೆ ಅಂಟಿಸಿ, ಅಡಿಯಲ್ಲಿ ಪೆನ್ನಿನಿಂದ ಬರೆದ: "ಎದ್ದು ಹೋಗಿದ್ರಲ್ಲ, ಬಿಲ್ಲು ಬಂದಿದೆ ನೋಡಿ."