ಎಲೆ ಉದುರುವುದಕ್ಕೂ ಒಂದು ಟೈಮ್‌ಟೇಬಲ್

ಅಕ್ಟೋಬರ್ ಬಂತೆಂದರೆ ಪೆನ್ಸಿಲ್ವೇನಿಯಾದ ಮೇಪಲ್ ಮರಗಳು ಯಾರನ್ನೂ ಕೇಳದೆ ಕೆಂಪಾಗುತ್ತವೆ. ಹೋಮ್‌ಸ್ಕೂಲ್ ಅಮ್ಮನಿಗೆ ಅವುಗಳ ಮೇಲಿರುವ ತಕರಾರು ಇದೊಂದೇ. ಆಕೆಯ ಲೆಕ್ಕದಲ್ಲಿ ಎಲೆ ಕೆಂಪಾಗಬೇಕಾದದ್ದು ಸೋಮವಾರ, ಒಂಬತ್ತೂವರೆಗೆ. ಮಕ್ಕಳಿಗೆ ಮನೆಯಲ್ಲೇ ಕಲಿಸುವುದು ಅಮೆರಿಕದ 50 ರಾಜ್ಯಗಳಲ್ಲೂ ಕಾನೂನುಬದ್ಧ. ಶಾಲೆಯ ಗಂಟೆ, ಪೀರಿಯಡ್ಡು, ಹಾಜರಿಯ ಕಾಟದಿಂದ ಮಕ್ಕಳನ್ನು ಬಿಡಿಸಿಕೊಂಡು ಬರಬೇಕೆಂದೇ ಅನೇಕರು ಇದಕ್ಕೆ ಕೈ ಹಾಕುತ್ತಾರೆ. ಹಾಗೆ ಬಿಡಿಸಿಕೊಂಡು ಬಂದ ತಾಯಿ ಭಾನುವಾರ ರಾತ್ರಿ ಮಾಡುವ ಮೊದಲ ಕೆಲಸವೆಂದರೆ ಐದು ಬಣ್ಣದ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆದು ಲ್ಯಾಮಿನೇಟ್ ಮಾಡಿಸುವುದು. ಇದನ್ನು ಕಂಡು ನಗುವವರು ಒಂದು ಸಂಗತಿ ಗಮನಿಸಿಲ್ಲ: ಮನೆಶಾಲೆಯಲ್ಲಿ ಅತ್ಯಂತ ಶ್ರದ್ಧೆಯಿಂದ ಓದುತ್ತಿರುವ ವಿದ್ಯಾರ್ಥಿ ಅಮ್ಮನೇ. ಮಕ್ಕಳು ಆ ತರಗತಿಗೆ ಬೇಕಾದ ಸಾಮಗ್ರಿ, ಅಷ್ಟೇ.

ವಾರದ ಪಟ್ಟಿಯನ್ನೇ ಸಾಕ್ಷಿಗೆ ಕರೆಯೋಣ. ಸೋಮವಾರದ ಪಾಠ ಎಲೆಯ ಬಣ್ಣ. ಎಲೆ ಅರೆದು, ಸ್ಪಿರಿಟ್ಟಿನಲ್ಲಿ ನೆನೆಸಿ, ಅದರಲ್ಲಿ ಕಾಫಿ ಫಿಲ್ಟರ್ ಕಾಗದದ ತುಂಡನ್ನು ಇಳಿಬಿಟ್ಟರೆ ಬಣ್ಣಗಳು ಬೇರೆಬೇರೆಯಾಗಿ ಮೇಲೇರುತ್ತವೆ. ಹಳದಿ ಎಲೆಯೊಳಗೆ ಮೊದಲಿನಿಂದಲೂ ಇತ್ತು, ಹಸಿರು ಅದನ್ನು ಮುಚ್ಚಿಟ್ಟಿತ್ತು. ಹಗಲು ಕುಗ್ಗಿ ಪತ್ರಹರಿತ್ತು ಕರಗಿದಾಗ ಬಯಲಾಯಿತು. ಕೆಂಪನ್ನು ಮಾತ್ರ ಮರ, ಎಲೆ ಉದುರುವ ಕಾಲದಲ್ಲಿ ಹೊಸದಾಗಿ ತಯಾರಿಸುತ್ತದೆ. ಇದನ್ನೆಲ್ಲ ಅಮ್ಮ ಹಿಂದಿನ ರಾತ್ರಿ ಓದಿ ಬೆರಗಾಗಿ, ನಿದ್ದೆಗೆಟ್ಟು ಕೂತಿದ್ದಾಳೆ. ಮಗ ಕೇಳುವುದು, ನಾಳೆಯ ಕಾಫಿಗೆ ಕಾಗದ ಉಳಿದಿದೆಯೇ ಎಂದು. ಮಂಗಳವಾರ ಸೇಬು: ಒಂದು ಹೋಳಿಗೆ ನಿಂಬೆರಸ, ಇನ್ನೊಂದಕ್ಕೆ ಇಲ್ಲ. ಯಾವುದು ಮೊದಲು ಕಂದಾಗುತ್ತದೆಂದು ಗೊತ್ತಾಗುವಷ್ಟರಲ್ಲಿ ಸಂಶೋಧಕರು ಎರಡನ್ನೂ ತಿಂದು ಮುಗಿಸಿರುತ್ತಾರೆ. ಬುಧವಾರ ಕುಂಬಳಕಾಯಿಯ ಬೀಜ ಎಣಿಸಿ, ಪೊಳ್ಳಾದ ಬುರುಡೆಗೆ ಅಡುಗೆ ಸೋಡ, ವಿನೆಗರ್ ಸುರಿದು ಜ್ವಾಲಾಮುಖಿ. ಅಮ್ಮ ಕನ್ನಡದವಳಾಗಿದ್ದರೆ ತಿರುಳು ಹುಳಿಗೆ ಹೋಗುತ್ತದೆ, ನವರಾತ್ರಿಯ ಬೊಂಬೆ ಜೋಡಣೆ ‘ಸಮಾಜ ವಿಜ್ಞಾನ’ದ ಕಾಲಮ್ಮಿಗೆ. ಗುರುವಾರ ಓಕ್ ಕಾಯಿಗಳ ಎಣಿಕೆ. ಶುಕ್ರವಾರ ನಿಸರ್ಗದ ದಿನಚರಿ. ಇದು ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಬಿಟ್ಟುಹೋದ ಬಳುವಳಿ.

ಇಷ್ಟೆಲ್ಲ ಯಾಕೆ, ಮಕ್ಕಳನ್ನು ಅಂಗಳಕ್ಕೆ ಬಿಟ್ಟರೆ ಸಾಲದೇ ಎಂಬುದು ಮೊದಲ ಆಕ್ಷೇಪ. ಇದರ ಹಿಂದೆ ದೊಡ್ಡವರೇ ಇದ್ದಾರೆ: 1977ರಲ್ಲಿ ಶಾಲೆಯಿಲ್ಲದೆ ಬೆಳೆಯುವ ಮಕ್ಕಳಿಗಾಗಿಯೇ ಪತ್ರಿಕೆ ತೆಗೆದ ಜಾನ್ ಹೋಲ್ಟ್, ಮಗು ತನ್ನ ಕುತೂಹಲದಿಂದಲೇ ಕಲಿಯುತ್ತದೆ ಎಂದು ನಂಬಿದವರು. ನಂಬಿಕೆ ಸರಿಯೇ. ಆದರೆ ಗುರುವಾರದ ಓಕ್ ಕಾಯಿಗಳನ್ನು ನೋಡಿ. ಉದ್ದ ಮೂತಿಯ ಒಂದು ಜೀರುಂಡೆ ಬೇಸಿಗೆಯಲ್ಲೇ ಅವುಗಳನ್ನು ಕೊರೆದು ಮೊಟ್ಟೆ ಇಟ್ಟು ಹೋಗಿರುತ್ತದೆ. ಕಾಯಿ ಉದುರಿದ ಮೇಲೆ ಒಳಗಿನ ಬಿಳಿ ಹುಳು ಗುಂಡಗೆ ತೂತು ಕೊರೆದು ಮಣ್ಣು ಹುಡುಕಿಕೊಂಡು ಹೊರಬರುತ್ತದೆ. ಅದಕ್ಕೆ ಸಿಗುವುದು ಊಟದ ಮೇಜು. ಅಮ್ಮ ಚೀರುತ್ತಾಳೆ, ವಾರವಿಡೀ ಕೂತಲ್ಲಿ ಕೂರದ ಮಕ್ಕಳು ಉಸಿರು ಬಿಗಿಹಿಡಿದು ಅರ್ಧ ಗಂಟೆ ನೋಡುತ್ತಾರೆ. ಆ ವಾರದ ಅತ್ಯುತ್ತಮ ಪಾಠ ಇದೇ, ಮತ್ತು ಇದು ಪಟ್ಟಿಯಲ್ಲಿಲ್ಲ. ಹಾಗೆಂದು ಪಟ್ಟಿ ದಂಡವಲ್ಲ: ಎಣಿಸಲೆಂದು ಕಾಯಿ ತಂದು ಬಟ್ಟಲಲ್ಲಿ ಇಡದಿದ್ದರೆ ಹುಳು ಮೇಜಿಗೆ ಬರುತ್ತಿರಲಿಲ್ಲ. ಯೋಜನೆ ಇರುವುದು ನಡೆಯಲಿಕ್ಕಲ್ಲ, ಕೆಡಲಿಕ್ಕೆ. ಕೆಡುವುದಕ್ಕೂ ಮೊದಲು ಒಂದು ಯೋಜನೆ ಬೇಕು.

ಇದೆಲ್ಲ ಫೋಟೋಗಾಗಿ, ಊರವರ ಮೆಚ್ಚುಗೆಗಾಗಿ ಎಂಬುದು ಎರಡನೆಯ ಆಕ್ಷೇಪ. ಅಮ್ಮ ಥಟ್ಟನೆ ಕಾನೂನು ತೋರಿಸುತ್ತಾಳೆ. ಪೆನ್ಸಿಲ್ವೇನಿಯಾದಲ್ಲಿ ಪ್ರತಿ ವರ್ಷ ಪ್ರಮಾಣಪತ್ರ ಸಲ್ಲಿಸಬೇಕು, 180 ದಿನ ಇಲ್ಲವೇ ಪ್ರಾಥಮಿಕ ಹಂತಕ್ಕೆ 900 ಗಂಟೆ ಕಲಿಸಬೇಕು, ಮಕ್ಕಳ ಕೆಲಸದ ಮಾದರಿಗಳನ್ನು ಕಡತದಲ್ಲಿಟ್ಟು ಅರ್ಹ ಮೌಲ್ಯಮಾಪಕರಿಗೆ ತೋರಿಸಬೇಕು. ವಾದ ಗಟ್ಟಿ ಅನ್ನಿಸುತ್ತದೆ, ನದಿ ದಾಟಿ ನ್ಯೂಜೆರ್ಸಿಗೆ ಹೋಗುವ ತನಕ. ಅಲ್ಲಿ ಸರ್ಕಾರಕ್ಕೆ ತಿಳಿಸಲೂ ಬೇಕಿಲ್ಲ. ಆದರೂ ಈ ಜಾತಿಯ ಅಮ್ಮನ ಕಡತ ಅಲ್ಲೂ ಅಷ್ಟೇ ದಪ್ಪ. ಅಂದಮೇಲೆ ಕಾರಣ ಕಾನೂನಲ್ಲ. ಮೆಚ್ಚುಗೆಯ ಆಸೆ ಸ್ವಲ್ಪ ಇದ್ದೀತು, ಆದರೆ ಅದಕ್ಕಾಗಿ ಯಾರೂ ರಾತ್ರಿ ಹನ್ನೊಂದಕ್ಕೆ ಪತ್ರಹರಿತ್ತಿನ ಬಗ್ಗೆ ಓದುವುದಿಲ್ಲ. ನಿಜ ಕಾರಣ ಬೇರೆ: ಎಂದೋ ಐದು ಅಂಕಕ್ಕೆ ದ್ಯುತಿಸಂಶ್ಲೇಷಣೆ ಉರುಹೊಡೆದು ಮರೆತವಳಿಗೆ, ಎಲೆ ಯಾಕೆ ಹಳದಿ ಎಂದು ಪರೀಕ್ಷೆಯ ಭಯವಿಲ್ಲದೆ ಕೇಳುವ ಅವಕಾಶ ಈಗ ಸಿಕ್ಕಿದೆ. ಮಕ್ಕಳ ನೆಪದಲ್ಲಿ ಆಕೆ ಎರಡನೇ ಸಲ ಶಾಲೆಗೆ ಸೇರಿದ್ದಾಳೆ. ಒಳ್ಳೆಯ ವಿದ್ಯಾರ್ಥಿಯ ಲಕ್ಷಣಕ್ಕೆ ತಕ್ಕಂತೆ ಮುಂದಿನ ವರ್ಷದ ಪಟ್ಟಿಯಲ್ಲಿ ‘ಓಕ್ ಕಾಯಿಯ ಹುಳು’ ಎಂಬ ಪಾಠ, ಭೂತಗನ್ನಡಿಯ ಚಿತ್ರಸಹಿತ, ಲ್ಯಾಮಿನೇಟ್ ಆಗಿ ಸೇರುತ್ತದೆ. ಆ ವರ್ಷ ಮಕ್ಕಳಿಗೆ ಹುಳುವಿನ ಗೊಡವೆಯೇ ಬೇಕಿರುವುದಿಲ್ಲ.