ಬೆಟಗೇರಿಗೆ ಬಾರದ ಮೊಲ

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ಘಟ್ಟ ಹತ್ತಿ, ಧಾರವಾಡ ಹುಬ್ಬಳ್ಳಿ ದಾಟಿ, 1841ರಲ್ಲಿ ನಮ್ಮ ಬೆಟಗೇರಿ ಮುಟ್ಟಿದರು. ಬರುವಾಗ ಅವರು ಬರಿಗೈಯಲ್ಲೇನೂ ಬರಲಿಲ್ಲ. ಕಲ್ಲಚ್ಚು ತಂದರು, ಅದರಿಂದ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಿತ್ತು. ಶಾಲೆ ತೆರೆದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. 1894ರಲ್ಲಿ ಕಿಟ್ಟೆಲ್ ಸಾಹೇಬರು ನಮ್ಮ ಮನೆಯ ಮಾತುಗಳನ್ನೆಲ್ಲ ನಮಗೇ ಎಣಿಸಿಕೊಡುವಂಥ ನಿಘಂಟು ಕೊಟ್ಟರು. ಇವರಲ್ಲಿ ಬಹಳಷ್ಟು ಮಂದಿ ಜರ್ಮನ್ ಮಾತಾಡುವ ಸೀಮೆಯವರು. ಈಸ್ಟರ್ ಹಬ್ಬಕ್ಕೆ ಮೊಲವೊಂದು ಬಂದು ಬಣ್ಣದ ತತ್ತಿ ಇಟ್ಟು ಹೋಗುತ್ತದೆ ಎಂಬ ಕಥೆ ಹುಟ್ಟಿದ್ದೂ ಅದೇ ಸೀಮೆಯಲ್ಲಿ. ಗೇಯೋರ್ಗ್ ಫ್ರಾಂಕ್ ಎಂಬ ವೈದ್ಯ 1682ರಲ್ಲೇ ಈ ಮೊಲದ ಸಂಗತಿ ಬರೆದಿಟ್ಟಿದ್ದಾನೆ. ವೈದ್ಯನಾದ್ದರಿಂದ, ಹಬ್ಬದ ನೆಪದಲ್ಲಿ ಲೆಕ್ಕ ತಪ್ಪಿ ತತ್ತಿ ತಿಂದರೆ ಹೊಟ್ಟೆಗೆ ಏನಾಗುತ್ತದೆಂದೂ ಎಚ್ಚರಿಸಿದ್ದಾನೆ. ಇಷ್ಟೆಲ್ಲ ಬಂದರೂ ಮೊಲ ಮಾತ್ರ ನಮ್ಮ ಕಡೆ ನೆಲೆಯೂರಲಿಲ್ಲ. ಕಿಟ್ಟೆಲ್ಲರ ನಿಘಂಟಿನಲ್ಲಿ ಅದಕ್ಕೆ ಜಾಗ ಸಿಕ್ಕಿತು, ಹಬ್ಬದಲ್ಲಿ ಸಿಗಲಿಲ್ಲ. ಈಗ ನೂರೆಂಬತ್ತು ಚಿಲ್ಲರೆ ವರ್ಷ ತಡವಾಗಿ, ಮೊಬೈಲಿನ ಕಿಂಡಿಯಿಂದ ಅದು ಇಣುಕುತ್ತಿದೆ. ಗದಗ ಬೆಟಗೇರಿಯಲ್ಲಾಗಲಿ ಶಿರಹಟ್ಟಿಯಲ್ಲಾಗಲಿ ಮಕ್ಕಳಿಗೆ ಈಸ್ಟರ್ ತಿಳಿಯಬೇಕಾದರೆ ಮೊಲದ ಸಹಾಯ ಬೇಕಿಲ್ಲ, ಹಬ್ಬದ ಕಥೆ ಮತ್ತು ನಮ್ಮ ಮನೆಗಳಲ್ಲಿ ಹಬ್ಬ ಮಾಡುವ ರೂಢಿ ಇವೆರಡೇ ಸಾಕು ಎಂಬುದು ನನ್ನ ವಾದ.

ಮೊದಲು ಮೊಲದ ವಕಾಲತ್ತು ವಹಿಸುವವರ ಮಾತು ಕೇಳೋಣ. ಮಕ್ಕಳಿಗೆ ಮೋಜು ಬೇಕು, ಚಾಕೊಲೇಟಿನ ಒಂದು ಮೊಲದಿಂದ ಧರ್ಮ ಕೆಡುವುದಿಲ್ಲ ಅನ್ನುತ್ತಾರೆ. ಕೆಡುವುದಿಲ್ಲ, ಒಪ್ಪಿದೆ. ಕೆಡುವುದು ಮೊಲವೇ. ಚಾಕೊಲೇಟು 34 ಡಿಗ್ರಿಗೆಲ್ಲ ಕರಗಲು ಶುರುವಾಗುತ್ತದೆ, ಏಪ್ರಿಲಿನ ಮಧ್ಯಾಹ್ನ ಶಿರಹಟ್ಟಿಯ ಬಿಸಿಲು ಅದನ್ನು ಲೀಲಾಜಾಲವಾಗಿ ದಾಟುತ್ತದೆ. ಶನಿವಾರ ತಂದ ಮೊಲ ರವಿವಾರದ ಹೊತ್ತಿಗೆ ಕಿವಿ ಕಳೆದುಕೊಂಡು, ಯಾವ ಪ್ರಾಣಿಯೆಂದು ಗುರುತು ಹಿಡಿಯಲು ಪಂಚರನ್ನು ಕರೆಸಬೇಕಾದ ಸ್ಥಿತಿಗೆ ಬಂದಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ನಮ್ಮ ಮಕ್ಕಳ ತಿಳಿವಳಿಕೆಯದು. ಕಪ್ಪತಗುಡ್ಡದ ಸುತ್ತಿನ ಹೊಲ ಕಂಡ ಹುಡುಗನಿಗೆ ಮೊಲ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಚೆನ್ನಾಗಿ ಗೊತ್ತು. ಮೊಲ ತತ್ತಿ ಇಡುತ್ತದೆ ಅಂದರೆ, ಹೇಳಿದವರನ್ನು ಅವನು ಅನುಕಂಪದಿಂದ ನೋಡುತ್ತಾನೆ. ಅದೇ ಉಸಿರಿನಲ್ಲಿ, ಸತ್ತವನು ಮೂರನೆಯ ದಿನ ಎದ್ದುಬಂದ ಎಂದೂ ಹೇಳಬೇಕಾಗಿದೆ. ನಂಬಲು ಕಷ್ಟವಾದ ಒಂದು ಮಾತನ್ನು ಹೇಳಬೇಕಾದವರು ಅದರ ಪಕ್ಕದಲ್ಲಿ ನಂಬಲೇಬಾರದ ಇನ್ನೊಂದನ್ನು ಇಡಬಾರದು. ಮೊಲ ಸುಳ್ಳೆಂದು ಗೊತ್ತಾದ ದಿನ ಮಗು ಉಳಿದದ್ದನ್ನೂ ಅದೇ ಗಂಟಿಗೆ ಕಟ್ಟಿಬಿಡುತ್ತದೆ.

ಮೋಜು ಬೇಕಾದರೆ ಅದು ಕಥೆಯೊಳಗೇ ಇದೆ. ದೊಡ್ಡವರು ಅದನ್ನು ಗಂಭೀರ ಮುಖ ಮಾಡಿ ಓದಿ ಓದಿ ಮುಚ್ಚಿಟ್ಟಿದ್ದಾರೆ, ಅಷ್ಟೆ. ಸುವಾರ್ತೆಗಳನ್ನು ಬಿಚ್ಚಿ ನೋಡಿ. ನಸುಕಿನಲ್ಲಿ ಹೆಂಗಸರು ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೊರಡುತ್ತಾರೆ, ಅರ್ಧ ದಾರಿಯಲ್ಲಿ ಆ ದೊಡ್ಡ ಕಲ್ಲು ಉರುಳಿಸುವವರು ಯಾರೆಂಬ ಚಿಂತೆ ಹತ್ತುತ್ತದೆ. ಇಂಥ ಚಿಂತೆ ಹೊರಟ ಮೇಲೆಯೇ ಹುಟ್ಟುವುದು ಎಲ್ಲ ಕಾಲಕ್ಕೂ ಸಹಜ. ಅವರು ತಂದ ಸುದ್ದಿಯನ್ನು ಗಂಡಸರು ಹರಟೆಯೆಂದು ತಳ್ಳಿಹಾಕುತ್ತಾರೆ, ಇದೂ ಎಲ್ಲ ಕಾಲಕ್ಕೂ ಸಹಜ. ಆಮೇಲೆ ಪೇತ್ರನೂ ಇನ್ನೊಬ್ಬ ಶಿಷ್ಯನೂ ಸಮಾಧಿಯ ಕಡೆ ಓಡುತ್ತಾರೆ. ಆ ಇನ್ನೊಬ್ಬನೇ ಮುಂದೆ ಓಡಿ ಮೊದಲು ಮುಟ್ಟಿದ ಎಂದು ಯೋಹಾನನ ಸುವಾರ್ತೆ ಮರೆಯದೆ ದಾಖಲಿಸುತ್ತದೆ. ಆ ಇನ್ನೊಬ್ಬ ಯೋಹಾನನೇ ಎಂಬುದು ಹಿಂದಿನಿಂದ ಬಂದ ನಂಬಿಕೆ. ಜಗತ್ತಿನ ಗತಿಯೇ ಬದಲಾದ ಬೆಳಿಗ್ಗೆಯೂ ಓಟದಲ್ಲಿ ಗೆದ್ದವರಾರೆಂಬುದು ಬಿಟ್ಟುಹೋಗಬಾರದಲ್ಲ! ಮಗ್ದಲದ ಮರಿಯಳು ಎದ್ದುಬಂದವನನ್ನೇ ತೋಟಗಾರನೆಂದು ತಿಳಿದು, ದೇಹ ಎಲ್ಲಿಟ್ಟೆಯೆಂದು ವಿಚಾರಿಸುತ್ತಾಳೆ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಯೇಸುವಿನ ಜೊತೆಯೇ ನಡೆಯುತ್ತ ಯೇಸುವಿಗೇ ಯೇಸುವಿನ ಸುದ್ದಿ ಹೇಳುತ್ತಾರೆ. ಜೆರೂಸಲೇಮಿನಲ್ಲಿ ಶಿಷ್ಯರು ಹೆದರಿ ನಿಂತಾಗ ಆತ ತಿನ್ನಲು ಏನಾದರೂ ಇದೆಯೇ ಎಂದು ಕೇಳಿ, ಸುಟ್ಟ ಮೀನಿನ ತುಂಡು ತಿಂದು ತೋರಿಸುತ್ತಾನೆ. ಕಡೆಗೆ ಕೆರೆಯ ದಂಡೆಯಲ್ಲಿ ಬಲೆಗೆ 153 ಮೀನು ಬೀಳುತ್ತವೆ, ಯಾರೋ ಕುಳಿತು ಎಣಿಸಿದ್ದಾರೆ. ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು, ನಾಷ್ಟಾ ಮಾಡಲು ಬನ್ನಿ ಎಂದು ಕರೆಯುವವನು ಸಾವನ್ನು ಗೆದ್ದುಬಂದ ಯೇಸು. ಓಟ, ಗುರುತು ತಪ್ಪುವುದು, ಅಡಗಿ ಕೂರುವುದು, ಕೆಂಡದ ಅಡುಗೆ ಎಲ್ಲವೂ ಇರುವ ಕಥೆಗೆ ಮೊಲದ ಪಾತ್ರ ಸೇರಿಸಬೇಕೆನ್ನುವವರು ಕಥೆ ಓದಿಲ್ಲ ಎಂದೇ ಅರ್ಥ.

ಈಸ್ಟರ್ ನಮ್ಮ ಹಬ್ಬಗಳ ಜಾತಿಯದೇ ಅನ್ನಲು ಗಟ್ಟಿ ಪುರಾವೆ ಆಕಾಶದಲ್ಲಿದೆ. ಕ್ರಿಸ್‌ಮಸ್ ಡಿಸೆಂಬರ್ 25 ಬಿಟ್ಟು ಕದಲುವುದಿಲ್ಲ, ಈಸ್ಟರ್ ಮಾತ್ರ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬರುತ್ತದೆ. ಯಾಕೆಂದರೆ ಅದು ಹುಣ್ಣಿಮೆ ನೋಡಿ ಬರುವ ಹಬ್ಬ. ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ರವಿವಾರ ಈಸ್ಟರ್. ಚರ್ಚಿನ ಹುಣ್ಣಿಮೆ ಅವರದೇ ಕೋಷ್ಟಕದ ಹುಣ್ಣಿಮೆ, ನಮ್ಮ ಪಂಚಾಂಗದ್ದಕ್ಕೆ ಒಂದು ದಿನ ಆಚೆ ಈಚೆ ಆಗಬಹುದು. ಆದರೂ ಹೋಳಿ ಹುಣ್ಣಿಮೆಯೋ ದವನದ ಹುಣ್ಣಿಮೆಯೋ ಯಾವುದಾದರೊಂದರ ಬೆನ್ನಿಗೇ ಅದು ಬರುತ್ತದೆ. 2024ರಲ್ಲಿ ಹೋಳಿ ಹುಣ್ಣಿಮೆ ಮುಗಿದ ವಾರದಲ್ಲೇ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ದವನದ ಹುಣ್ಣಿಮೆ ಆದಮೇಲೆ ಏಪ್ರಿಲ್ 20ಕ್ಕೆ. ಎಲ್ಲರೂ ಒಂದೇ ದಿನ ಆಚರಿಸಬೇಕೆಂದು 325ರಲ್ಲೇ ನೈಸಿಯಾದ ಮಹಾಸಭೆ ತೀರ್ಮಾನಿಸಿತ್ತು. ಇಷ್ಟಾದರೂ ಪೂರ್ವದ ಚರ್ಚುಗಳದು ಒಂದು ಲೆಕ್ಕ, ಪಶ್ಚಿಮದವರದು ಇನ್ನೊಂದು. ಆ ತೀರ್ಮಾನಕ್ಕೆ 1700 ವರ್ಷ ತುಂಬಿದ 2025ರಲ್ಲಿ ಎರಡೂ ಒಂದೇ ದಿನ ಬಿದ್ದವು, ಅದೂ ಒಪ್ಪಂದದಿಂದಲ್ಲ, ಚಂದ್ರನ ಕೃಪೆಯಿಂದ. ಏಕಾದಶಿ ಇಂದೋ ನಾಳೆಯೋ ಎಂದು ಎರಡು ಮಠಗಳು ವಾದಿಸುವುದನ್ನು ಕಂಡ ನಾಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಣ್ಣಿಮೆಯ ರಾತ್ರಿ ಮಗುವನ್ನು ಮಾಳಿಗೆಗೆ ಕರೆದೊಯ್ದು ಚಂದ್ರನನ್ನು ತೋರಿಸಿ, ಇನ್ನು ಬರುವ ರವಿವಾರ ಹಬ್ಬ ಅಂದರೆ ಅರ್ಧ ಪಾಠ ಮುಗಿಯಿತು.

ಉಳಿದರ್ಧ ಪಾಠ ಕೈಬಾಯಿಗಳದು. ಈಸ್ಟರಿನ ಬೇರು ಯೆಹೂದ್ಯರ ಪಸ್ಕ ಹಬ್ಬದಲ್ಲಿದೆ. ಈ ಆಚರಣೆ ಯಾಕೆಂದು ನಿಮ್ಮ ಮಕ್ಕಳು ಕೇಳಿದಾಗ ಇಂಥ ಉತ್ತರ ಕೊಡಿ ಎಂದು ವಿಮೋಚನಕಾಂಡವೇ ವಿಧಿಸುತ್ತದೆ. ಇವತ್ತಿಗೂ ಆ ರಾತ್ರಿಯ ಊಟದಲ್ಲಿ ಮನೆಯ ಕಿರಿಯ ಮಗು ನಾಲ್ಕು ಪ್ರಶ್ನೆ ಕೇಳದೆ ಮುಂದಿನ ಕೆಲಸ ನಡೆಯುವುದಿಲ್ಲ. ಹುಳಿಯಿಲ್ಲದ ರೊಟ್ಟಿಯ ತುಂಡೊಂದನ್ನು ಬಚ್ಚಿಟ್ಟು ಮಕ್ಕಳ ಕೈಲಿ ಹುಡುಕಿಸುವುದೂ ಇದೆ. ಅಂದರೆ ಮಕ್ಕಳಿಗಾಗಿಯೇ ಹೂಡಿದ ಹಬ್ಬ ಅದು. ನಮ್ಮಲ್ಲಿಯೂ ಪಂಚಮಿ ಏನೆಂದು ಯಾವ ಮಗುವಿಗೂ ಪಾಠ ಮಾಡಿ ಕಲಿಸಿಲ್ಲ. ಜೋಕಾಲಿ ಜೀಕಿ, ಕೊಬ್ಬರಿ ಬಟ್ಟಲು ಆಡಿಸಿ, ಶೇಂಗಾ ಉಂಡಿ ಎಳ್ಳುಂಡಿ ತಿಂದು ಅದು ಮೈಗೆ ಹತ್ತಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ಕೈ ಕೆಸರಾಗದ ಮಗುವಿಗೆ ಒಕ್ಕಲುತನದ ಋಣ ತಿಳಿಯುವುದು ತಡವೇ. ಈಸ್ಟರಿಗೂ ಇದೇ ದಾರಿ. ಗರಿಗಳ ರವಿವಾರ ಮಗುವಿನ ಕೈಗೆ ಗರಿ ಕೊಡಿ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಆರಾಧನೆಯಲ್ಲಿ ಕೂರಿಸಿ, ಆಕಳಿಸಿದರೆ ಆಕಳಿಸಲಿ, ಅಲ್ಲಿ ದೊಡ್ಡವರ ಆಕಳಿಕೆಯೂ ಕಡಿಮೆಯೇನಿಲ್ಲ. ರವಿವಾರ ನಸುಕಿನಲ್ಲಿ ಎಬ್ಬಿಸಿ ಹೊಸ ಅಂಗಿ ತೊಡಿಸಿ. ಕತ್ತಲಲ್ಲಿ ಎದ್ದದ್ದು, ಆರಾಧನೆ ಮುಗಿಯುವಷ್ಟರಲ್ಲಿ ಬೆಳಕಾದದ್ದು, ಮನೆಗೆ ಬಂದಾಗ ಹೋಳಿಗೆಯ ವಾಸನೆ ಬಂದದ್ದು, ಇವು ಯಾವ ಪ್ರಸಂಗಕ್ಕಿಂತಲೂ ಹೆಚ್ಚು ದಿನ ಬಾಳುತ್ತವೆ. ಈ ಹಬ್ಬಕ್ಕೆ ಮಕ್ಕಳ ದೃಷ್ಟಿಯಲ್ಲಿ ಇರುವ ಒಂದೇ ದೋಷವೆಂದರೆ ಅದು ಯಾವಾಗಲೂ ರವಿವಾರವೇ ಬರುವುದರಿಂದ ಬೇರೆ ರಜೆ ಸಿಗುವುದಿಲ್ಲ. ಆ ನಷ್ಟಕ್ಕೆ ನನ್ನ ಬಳಿಯೂ ಪರಿಹಾರವಿಲ್ಲ.

ಇಲ್ಲಿ ಮೃದು ಮನಸ್ಸಿನ ತಾಯಿತಂದೆಯರ ಆಕ್ಷೇಪ ಏಳುತ್ತದೆ. ಮೊಳೆ, ರಕ್ತ, ಸಾವು ಇವೆಲ್ಲ ಮಕ್ಕಳಿಗೆ ಬೇಕೇ, ಶುಕ್ರವಾರ ಬಿಟ್ಟು ರವಿವಾರದ ಸಂತೋಷವಷ್ಟನ್ನೇ ಕೊಡಬಾರದೇ? ಕೊಡಬಹುದು, ಹಸಿವಿಲ್ಲದವನಿಗೆ ಊಟ ಬಡಿಸಿದ ಹಾಗೆ. ನಮ್ಮ ಸೀಮೆಯ ಮಕ್ಕಳು ಹಬ್ಬದೊಳಗಿನ ಸಾವನ್ನು ಕಾಣದವರಲ್ಲ. ಹೋಳಿಗೆ ಕಾಮಣ್ಣನನ್ನು ಸುಟ್ಟು ಬಾಯಿ ಬಡಿದುಕೊಳ್ಳುವವರಲ್ಲಿ ಮಕ್ಕಳೇ ಮುಂದು. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಬರುವ ಜೋಕುಮಾರ ಕೆಲವೇ ದಿನ ಬದುಕಿ ಸಾಯುತ್ತಾನೆ, ಅವನು ಸತ್ತರೆ ಮಳೆ ಎಂದು ಊರು ನಂಬುತ್ತದೆ. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಕುಣಿಯುವಾಗ ಕರ್ಬಲಾದ ದುಃಖ ಹಿಂದೂ ಹುಡುಗರ ಬಾಯಲ್ಲೂ ಪದವಾಗಿ ಬರುತ್ತದೆ. ಇವರಿಗೆ ಶಿಲುಬೆಯ ಕಥೆ ಹೇಳಲು ಅಂಜುವುದು ಬೇಡ, ಮೊಳೆಯ ಉದ್ದ ಅಗಲ ಬಣ್ಣಿಸದಿದ್ದರೆ ಸಾಕು. ನಿಜವಾಗಿ ಶುಕ್ರವಾರದ ದುಃಖ ತಾಳದವರು ದೊಡ್ಡವರೇ. ಅಂದು ಬೆಳಿಗ್ಗೆ ಹೂವಿನ ಚಿತ್ರ ಹಾಕಿ ಹಾರ್ದಿಕ ಶುಭಾಶಯ ಕಳಿಸುವವರ ಪಟ್ಟಿ ಯಾರ ವಾಟ್ಸಾಪಿನಲ್ಲಿ ಬೇಕಾದರೂ ಸಿಗುತ್ತದೆ.

ಆದರೆ ಒಂದು ಆಕ್ಷೇಪವನ್ನು ನಗೆಯಲ್ಲಿ ತೇಲಿಸಲಾಗದು. ಯೇಸು ಎದ್ದುಬಂದರೆ ನಮ್ಮ ಅಜ್ಜಿ ಯಾಕೆ ಬರಲಿಲ್ಲ ಎಂದು ಮಗು ಕೇಳಿದರೆ? ಮಗು ಇದನ್ನು ಕೇಳಿಯೇ ಕೇಳುತ್ತದೆ, ಮೊಲವನ್ನು ಕರೆತರುವವರ ಒಳಗಿನ ಅಂಜಿಕೆಯೂ ಬಹುಶಃ ಇದೇ. ಇದಕ್ಕೆ ಹಳೆಯ ಸಭೆಗಳು ಕಂಡುಕೊಂಡ ಉತ್ತರ ಮಾತಿನದಲ್ಲ. 1732ರಲ್ಲಿ ಜರ್ಮನಿಯ ಹೆರ್ನ್‌ಹೂಟ್ ಎಂಬಲ್ಲಿ ಮೊರಾವಿಯನ್ ಸಭೆಯ ತರುಣರು ಈಸ್ಟರ್ ನಸುಕಿನಲ್ಲಿ ಗುಡ್ಡದ ಸ್ಮಶಾನಕ್ಕೆ ಹೋಗಿ ಹಾಡಿದರು. ಅಲ್ಲಿಂದ ಸೂರ್ಯೋದಯದ ಆರಾಧನೆ ಜಗತ್ತಿನ ಅನೇಕ ಸಭೆಗಳಿಗೆ ಹಬ್ಬಿತು. ನಮ್ಮ ದೇಶದ ಹಲವು ಸಭೆಗಳಲ್ಲೂ ಗೋರಿಗಳ ಕಸ ತೆಗೆದು, ಹೂವಿಟ್ಟು, ಮೇಣಬತ್ತಿ ಹಚ್ಚಿ ಹಬ್ಬ ಶುರುಮಾಡುವುದುಂಟು. ಅಜ್ಜಿಯ ಹೆಸರಿನ ಮೇಲಿನ ಧೂಳು ಒರೆಸಿದ ಮಗುವಿಗೆ, ಅವಳೂ ಏಳುತ್ತಾಳೆಂಬುದು ನಮ್ಮ ನಂಬಿಕೆ, ಯಾವಾಗೆಂದು ನಮಗೆ ಗೊತ್ತಿಲ್ಲ ಎಂದು ಹೇಳಿದರೆ ಸಾಕು. ನಂಬಿಕೆಯನ್ನು ನಂಬಿಕೆಯೆಂದೇ ಹೇಳುವುದರಲ್ಲಿ ಅವಮಾನವಿಲ್ಲ. ಮಗು ಒಪ್ಪದಿದ್ದರೆ ಗದರಿಸಬೇಡಿ. ಹನ್ನೊಂದು ಜನ ಶಿಷ್ಯರೇ ಮೊದಲ ದಿನ ಒಪ್ಪಲಿಲ್ಲ, ತೋಮನಿಗಂತೂ ಇನ್ನೊಂದು ವಾರ ಬೇಕಾಯಿತು.

ಇನ್ನು ತತ್ತಿ. ಬೈಬಲ್ಲಿನ ಈಸ್ಟರ್ ಕಥೆಯಲ್ಲಿ ತತ್ತಿಯೇ ಇಲ್ಲ, ಅದನ್ನೂ ಮೊಲದ ಜೊತೆಗೇ ಅಟ್ಟಿಬಿಡಿ ಎನ್ನುವ ಕಟ್ಟುನಿಟ್ಟಿನವರಿದ್ದಾರೆ. ಇಲ್ಲಿ ನಾನು ತತ್ತಿಯ ಪಕ್ಷ. ಹಿಂದೆ ಯುರೋಪಿನಲ್ಲಿ ನಲವತ್ತು ದಿನದ ಉಪವಾಸದಲ್ಲಿ ತತ್ತಿ ನಿಷಿದ್ಧ. ಉಪವಾಸ ಮನುಷ್ಯರಿಗೆ ಹೊರತು ಕೋಳಿಗಳಿಗಲ್ಲವಲ್ಲ, ಅವು ಇಡುತ್ತಲೇ ಹೋದವು. ಈಸ್ಟರಿನ ಹೊತ್ತಿಗೆ ಮನೆತುಂಬ ತತ್ತಿ. ಮುಚ್ಚಿದ ಗೋಡೆ ಒಡೆದು ಜೀವ ಹೊರಬರುವ ಅರ್ಥ ಅದಕ್ಕೆ ಚೆನ್ನಾಗಿಯೇ ಹೊಂದಿತು, ಪೂರ್ವದ ಚರ್ಚುಗಳು ಕೆಂಪು ಬಳಿದು ಕ್ರಿಸ್ತನ ರಕ್ತದ ನೆನಪನ್ನೂ ಸೇರಿಸಿದವು. ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿಯಂಥ ಕಡೆ ಮಾರ್ಜಿಪಾನಿನ ಸಕ್ಕರೆ ತತ್ತಿಗೆ ಜನ ಸಾಲು ನಿಲ್ಲುತ್ತಾರೆ. ನಮ್ಮಲ್ಲಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಗದಗ, ಮುಂಡರಗಿ ಸುತ್ತಲೂ ಉಳ್ಳಾಗಡ್ಡಿ ಬೆಳೆಯುವ ನೆಲ, ಸಿಪ್ಪೆಗೆ ಯಾರೂ ದರ ಕಟ್ಟಿಲ್ಲ. ಸಿಪ್ಪೆ ಹಾಕಿದ ನೀರಿಗೆ ಹುಳಿ ಬಿಟ್ಟು ತತ್ತಿ ಕುದಿಸಿದರೆ ಕೆಂಪುಗಂದು ಬಣ್ಣ ಹತ್ತುತ್ತದೆ, ಅರಿಶಿಣದಲ್ಲಿ ಕುದಿಸಿದರೆ ಹಳದಿ. ಒಂದೇ ಎಚ್ಚರಿಕೆ: ಬಚ್ಚಿಡುವ ಮುಂಚೆ ಎಣಿಸಿಡಿ. ನಮ್ಮ ಬಿಸಿಲಿಗೆ, ಮಕ್ಕಳಿಗೆ ಸಿಗದೇ ಉಳಿದ ತತ್ತಿ ಎರಡು ದಿನದಲ್ಲಿ ತಾನಿರುವ ಜಾಗವನ್ನು ಓಣಿಗೆಲ್ಲ ಸಾರುತ್ತದೆ.

ಓಣಿಯ ಮಾತು ಬಂದಾಗ ಇನ್ನೊಂದು ತಕರಾರು ಉಳಿಯುತ್ತದೆ. ಪಕ್ಕದ ಮನೆಯ ಲಿಂಗಾಯತ ಮಗುವಿಗೆ ತತ್ತಿ ಕೊಡಲಾದೀತೇ? ಕರ್ನಾಟಕ ಸರಕಾರಕ್ಕೂ ಬಿಸಿಯೂಟದಲ್ಲಿ ಇದೇ ತೊಡಕು ಬಂದಿತ್ತು. ಭಾರೀ ಗದ್ದಲದ ಬಳಿಕ, ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ ಎಂದು ತೀರ್ಮಾನವಾಯಿತು. ಸರಕಾರಕ್ಕೆ ಹೊಳೆದದ್ದು ಓಣಿಗೆ ಹೊಳೆಯದೇ? ಶೇಂಗಾ ಹೋಳಿಗೆ ಕೊಡಿ, ಉಂಡಿ ಕೊಡಿ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರನ ಮಠ ಶಿರಹಟ್ಟಿಯಲ್ಲಿದೆ, ಸೋಮೇಶ್ವರನೂ ದೂದಪೀರನೂ ಒಂದೇ ಊರಲ್ಲಿರುವ ಲಕ್ಷ್ಮೇಶ್ವರ ಪಕ್ಕದಲ್ಲೇ ಇದೆ. ಇಂಥ ಸೀಮೆಯಲ್ಲಿ ಇನ್ನೊಂದು ಹುಣ್ಣಿಮೆಯ ಹಬ್ಬ ಪರದೇಶಿಯಾಗಿ ಉಳಿಯಬೇಕಾಗಿಲ್ಲ. 2027ರ ಈಸ್ಟರ್ ಮಾರ್ಚ್ 28ಕ್ಕೆ, ಹೋಳಿ ಹುಣ್ಣಿಮೆಯ ಬೆನ್ನಿಗೇ ಇದೆ. ಮನೆಯಲ್ಲಿ ಮಕ್ಕಳಿದ್ದವರು ಉಳ್ಳಾಗಡ್ಡಿಯ ಸಿಪ್ಪೆ ಚೆಲ್ಲದೆ ಕೂಡಿಡಿ.