ಮೂರು ಬೀಗದ ಮನೆಯ ವಾರಸುದಾರರಿಗೆ

ಮೈಸೂರು
ಆಷಾಢದ ಒಂದು ಮಳೆ ಸಂಜೆ

ಬಾವಿಮನೆಯ ದೊಡ್ಡಣ್ಣನವರಿಗೆ, ಚಿಕ್ಕಣ್ಣನವರಿಗೆ ಮತ್ತು ಅಕ್ಕನವರಿಗೆ ಪಕ್ಕದ ಮನೆಯವಳ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ. ನಿಮ್ಮ ಮನೆ ಮಾತ್ರ ಅಷ್ಟೊಂದು ಕ್ಷೇಮವಾಗಿಲ್ಲ. ಮೂವರಿಗೂ ಬೇರೆ ಬೇರೆ ಕಾಗದ ಬರೆಯಬಹುದಿತ್ತು. ಆದರೆ ಒಬ್ಬರಿಗೆ ಒಂದು ದಿನ ಮೊದಲು ತಲುಪಿಬಿಟ್ಟರೆ ಉಳಿದಿಬ್ಬರು ನನ್ನನ್ನು ಎದುರು ಪಾರ್ಟಿ ಅಂದುಕೊಂಡುಬಿಟ್ಟಾರು. ಅದಕ್ಕೇ ಹೀಗೆ ಬಹಿರಂಗವಾಗಿ, ಸಮಪಾಲಿನಲ್ಲಿ ಬರೆಯುತ್ತಿದ್ದೇನೆ.

ಮೊದಲು ಶುಭ ಸಮಾಚಾರ. ಮುಂಬಾಗಿಲಿನ ಮೂರೂ ಬೀಗಗಳು ಭದ್ರವಾಗಿವೆ. ನಿಮ್ಮಮ್ಮನ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ದೊಡ್ಡಣ್ಣನವರು ಹಾಕಿದ ಹಿತ್ತಾಳೆ ಬೀಗ ಕಿಲುಬು ಹಿಡಿದರೂ ಅಲ್ಲಾಡಿಲ್ಲ. ಆರು ತಿಂಗಳ ಮೇಲೆ ಚಿಕ್ಕಣ್ಣನವರು ನ್ಯೂಜೆರ್ಸಿಯಿಂದ ಬಂದು, ಅದೇ ಚಿಲಕಕ್ಕೆ ಸರಪಳಿ ಸುತ್ತಿ ಹಾಕಿದ ನಂಬರ್ ಬೀಗವೂ ಇದೆ. ಅಕ್ಕನವರ ಕಬ್ಬಿಣದ ಬೀಗಕ್ಕೆ ಅವರು ಪ್ಲಾಸ್ಟಿಕ್ ಕವರಿನ ಅಂಗಿ ತೊಡಿಸಿ ಹೋಗಿದ್ದರಿಂದ ಅದೊಂದು ಇನ್ನೂ ಹೊಸದರಂತಿದೆ. ಮೂವರೂ ಒಂದೇ ದಿನ, ಒಂದೇ ಹೊತ್ತಿಗೆ ಬಂದರೆ ಮಾತ್ರ ಈ ಬಾಗಿಲು ತೆಗೆಯುತ್ತದೆ. ಬ್ಯಾಂಕಿನ ಲಾಕರಿಗೂ ಎರಡೇ ಕೀಲಿಕೈ ಸಾಕು.

ಇನ್ನೊಂದು ಸಮಾಚಾರವೆಂದರೆ, ಹಿಂದುಗಡೆ ಗೋಡೆ ಇಲ್ಲ. ಹೋದ ಮಳೆಗಾಲದಲ್ಲಿ ಬಚ್ಚಲುಮನೆಯ ಸಮೇತ ಮಲಗಿಬಿಟ್ಟಿತು. ಈಗ ನಮ್ಮ ಬೀದಿಯ ಕೆಂದಹಸು ದಿನಾ ಮಧ್ಯಾಹ್ನ ಹಿತ್ತಿಲಿನಿಂದ ಒಳಗೆ ಹೋಗಿ, ನಿಮ್ಮಪ್ಪ ಆರಾಮಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ ಪಡಸಾಲೆಯಲ್ಲಿ ಮಲಗಿ ಮೆಲುಕು ಹಾಕುತ್ತದೆ. ನಾಲ್ಕು ಗಂಟೆಗೆ ಎದ್ದು ಹೋಗುತ್ತದೆ. ಅದರ ಹತ್ತಿರ ಯಾವ ಕೀಲಿಕೈಯೂ ಇಲ್ಲ.

ನಿಮ್ಮ ಪಾಲಿನ ದಾವೆಯಲ್ಲಿ ಯಥಾಸ್ಥಿತಿ ಕಾಪಾಡಬೇಕೆಂದು ಆದೇಶವಾಗಿದೆಯಂತೆ. ನೀವು ಮೂವರೂ ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದೀರಿ ಎಂಬುದಕ್ಕೆ ನಾನೇ ಸಾಕ್ಷಿ. ಒಂದು ಹೆಂಚನ್ನೂ ಮುಟ್ಟಿಲ್ಲ, ಒಂದು ಕಡ್ಡಿಯನ್ನೂ ಎತ್ತಿಟ್ಟಿಲ್ಲ. ಆದೇಶ ಉಲ್ಲಂಘಿಸುತ್ತಿರುವವರು ಬೇರೆಯೇ ಇದ್ದಾರೆ. ಗೆದ್ದಲು ನಡುಮನೆಯ ತೊಲೆಯನ್ನು ಒಳಗಿಂದ ತಿಂದು ಮುಗಿಸುತ್ತಾ ಬಂದಿದೆ. ಮಳೆಗಾಳಿ ಮಂಗಳೂರು ಹೆಂಚುಗಳನ್ನು ಒಂದೊಂದಾಗಿ ಇಳಿಸುತ್ತಿದೆ. ಇವರಿಬ್ಬರಿಗೂ ನೋಟಿಸ್ ಜಾರಿಯಾದಂತಿಲ್ಲ. ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ನಿಮ್ಮ ನುಗ್ಗೆಮರದ ಕೊಂಬೆ ಈ ಸಲ ನಮ್ಮ ಕಡೆಗೆ ಬಾಗಿ ಮೂವತ್ತೇಳು ಕಾಯಿ ಬಿಟ್ಟಿತು. ತಲಾ ಹನ್ನೆರಡರಂತೆ ಮೂರು ಪಾಲು ಮಾಡಿದೆ, ಒಂದು ಉಳಿಯಿತು. ಯಥಾಸ್ಥಿತಿಯಲ್ಲಿ ಬಿಟ್ಟರೆ ಬಾಡಿಹೋಗುತ್ತಿತ್ತು, ಹುಳಿಗೆ ಹಾಕಿದೆ. ಮಿಕ್ಕ ಮೂವತ್ತಾರು ಏನಾದವು ಎಂದು ದಯವಿಟ್ಟು ಕೇಳಬೇಡಿ.

ನಿಮ್ಮ ನಡುಮನೆಗೂ ನಮ್ಮ ಅಡುಗೆಮನೆಗೂ ಇರುವುದು ಒಂದೇ ಗೋಡೆ. ನಿಮ್ಮ ಕಡೆ ಸೂರು ಹೋದಮೇಲೆ ಆ ಗೋಡೆ ನೆತ್ತಿಯಿಂದಲೇ ನೀರು ಕುಡಿಯುತ್ತಿದೆ. ಮೊದಲ ವರ್ಷ ನಮ್ಮ ಕಡೆ ಕಂಡ ತೇವದ ಮಚ್ಚೆ ಚಪಾತಿಯಷ್ಟಿತ್ತು. ಮರುವರ್ಷ ಬಾಳೆಲೆಯಷ್ಟಾಯಿತು. ಈಗ ಪಂಕ್ತಿ ಹಾಕಿ ಹತ್ತು ಜನಕ್ಕೆ ಬಡಿಸಬಹುದು. ಗಾರೆ ಪುಡಿಯಾಗಿ ಸಾಸಿವೆ ಡಬ್ಬಿಯ ಮೇಲೆ ಉದುರುತ್ತದೆ. ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಆ ಮೂಲೆಯಿಂದ ಎತ್ತಿ ಮಂಚದ ಕೆಳಗಿಟ್ಟಿದ್ದೇನೆ. ಆಸ್ತಿಯಲ್ಲಿ ನನಗೆ ಪಾಲಿಲ್ಲ, ನಿಜ. ತೇವದಲ್ಲಿ ಮಾತ್ರ ಯಾರೂ ಕೇಳದೆಯೇ ಅರ್ಧ ಪಾಲು ಸಿಕ್ಕಿದೆ.

ಸೊಳ್ಳೆಯ ವಿಷಯ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಸುವವರಿಗೆ ದಂಡ ಗೊತ್ತುಮಾಡಿತು. ನಗರದಲ್ಲಿ ಮನೆಯವರಿಗೆ 400 ರೂಪಾಯಿ, ಖಾಲಿ ನಿವೇಶನದವರಿಗೆ 2000 ರೂಪಾಯಿ. ಪರಿಶೀಲನೆಗೆ ಬಂದಾಕೆ ನಮ್ಮ ತುಳಸಿ ಕುಂಡದ ತಟ್ಟೆಯಲ್ಲಿದ್ದ ಎರಡು ಚಮಚ ನೀರಿಗೆ ಟಾರ್ಚ್ ಹಾಕಿ ನೋಡಿ ನನಗೆ ಐದು ನಿಮಿಷ ಬುದ್ಧಿ ಹೇಳಿದರು. ಆಮೇಲೆ ನಿಮ್ಮ ಬಾಗಿಲಿಗೆ ಹೋಗಿ ಮೂರೂ ಬೀಗ ನೋಡಿ, ಪುಸ್ತಕದಲ್ಲಿ ‘ಬೀಗ’ ಎಂದು ಬರೆದುಕೊಂಡು ಮುಂದೆ ನಡೆದರು. ಹಿತ್ತಿಲಿನಲ್ಲಿ ಒಡೆದ ಹಂಡೆ, ಅರ್ಧ ಹೂತ ಒರಳುಕಲ್ಲು, ನೂರಾರು ಹೆಂಚಿನ ಚೂರು, ಎಲ್ಲದರಲ್ಲೂ ಮಳೆನೀರು. ಹತ್ತು ದಿನ ನೀರು ನಿಂತರೆ ಮೊಟ್ಟೆಯಿಂದ ಸೊಳ್ಳೆ ತಯಾರು. ನೀರು ಒಣಗಿದರೂ ಆ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯುತ್ತವೆ. ತಾಳ್ಮೆಯಲ್ಲಿ ನಿಮ್ಮ ಮೂವರನ್ನೂ ಮೀರಿಸುವಂಥವು. ನಿಮ್ಮದು ಮನೆ ಎಂದರೆ ವಾಸವಿಲ್ಲ, ಖಾಲಿ ನಿವೇಶನ ಎಂದರೆ ಮುಂಗೋಡೆ ನಿಂತಿದೆ. ಯಾವ ದಂಡಕ್ಕೂ ಸಿಗದ ತ್ರಿಶಂಕು ಸ್ವರ್ಗ ಅದು. ಚಿಕ್ಕಣ್ಣನವರು ಚಿಂತಿಸಬೇಕಿಲ್ಲ. ಈ ಸೊಳ್ಳೆ ಬಹುದೂರ ಹಾರುವ ಜಾತಿಯದಲ್ಲ, ನಮ್ಮ ಬೀದಿ ದಾಟುವುದೇ ಕಷ್ಟ.

ಅದಕ್ಕಿಂತ ದೊಡ್ಡ ಸುದ್ದಿ, ನಿಮಗೆ ನಾಲ್ಕನೇ ಪಾಲುದಾರರು ಹುಟ್ಟಿದ್ದಾರೆ. ಕಾಗೆ ಹಾಕಿದ ಹಿಕ್ಕೆಯಿಂದ ನಿಮ್ಮ ಮುಂಗೋಡೆಯ ತಲೆಯ ಮೇಲೆ ಅರಳಿ ಗಿಡವೊಂದು ಎದ್ದಿತ್ತು. ಬೇರು ಗಾರೆಯ ಸಂದಿಗೆ ಇಳಿಯುವ ಮೊದಲೇ ತೆಗೆಸೋಣವೆಂದು ಗಾರೆ ಕೆಲಸದವನನ್ನು ಕರೆದೆ. ಆತ ಏಣಿ ಹತ್ತಿ, ಗಿಡ ನೋಡಿ, ಕೈ ಮುಗಿದು ಇಳಿದುಬಿಟ್ಟ. “ಅರಳಿ ಅಮ್ಮಾವ್ರೇ, ನಾನು ಮುಟ್ಟಕಿಲ್ಲ, ನಮ್ಗೂ ಮಕ್ಳುಮರಿ ಅವೆ” ಅಂದ. ಈಗ ಅದು ಆಳೆತ್ತರ ಬೆಳೆದಿದೆ. ಹೋದ ನಾಗರಪಂಚಮಿಗೆ ಯಾರೋ ಅದರ ಬುಡದ ಗೋಡೆಗೆ ಅರಿಸಿನ ಕುಂಕುಮ ಇಟ್ಟರು. ಆಮೇಲೆ ಕೆಂಪು ದಾರ ಬಂತು. ಈಗ ಜಗಲಿಯ ಮೇಲೆ ಒಂದು ನಾಗರಕಲ್ಲು ಬಂದು ಕೂತಿದೆ, ಹುಂಡಿಯೊಂದು ಬಾಕಿ. ನಮ್ಮ ಕಾನೂನಿನಲ್ಲಿ ಪ್ರತಿಷ್ಠಾಪನೆಯಾದ ದೇವರೂ ಆಸ್ತಿ ಹೊಂದಬಲ್ಲ ವ್ಯಕ್ತಿ, ಅದೂ ಎಂದೆಂದಿಗೂ ಮೈನರ್. ಯೋಚಿಸಿ ನೋಡಿ, ನಾಳೆ ಆ ಮೈನರ್ ಪರವಾಗಿ ಯಾರಾದರೂ ವಕಾಲತ್ತು ಹಾಕಿದರೆ ನಾಲ್ಕನೇ ಬೀಗಕ್ಕೆ ಚಿಲಕದಲ್ಲಿ ಜಾಗವಿಲ್ಲ.

ಕಾನೂನು ನನಗೂ ಅಷ್ಟಿಷ್ಟು ಬರುತ್ತದೆ. ನಿಮ್ಮ ಪಕ್ಕದಲ್ಲಿದ್ದು ಕಲಿತದ್ದು. ಅಕ್ಕನವರ ಮದುವೆ 1986ರಲ್ಲಿ, ನಿಮ್ಮ ಮನೆಯ ಬಾವಿಯ ಪಕ್ಕದ ಚಪ್ಪರದಲ್ಲಿ ಆಯಿತು. 1994ರಲ್ಲಿ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಾಗ, ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುವುದೆಂದು ಖಚಿತಪಡಿಸಿತು. ಮೂರನೇ ಬೀಗ ಬಿದ್ದದ್ದು ಆಮೇಲೆ. ಅಕ್ಕನವರ ಹಕ್ಕಿಗೆ ನನ್ನದು ಪೂರ್ತಿ ಓಟು. ನನಗೆ ಬೇಜಾರು ಒಂದೇ. ಇಷ್ಟು ವರ್ಷ ಕಾದು ಬಂದ ಹಕ್ಕು ಕೊನೆಗೆ ಬೀಗ ಹಾಕುವ ಹಕ್ಕಷ್ಟೇ ಆಯಿತಲ್ಲ.

1893ರ ಪಾರ್ಟಿಷನ್ ಆಕ್ಟ್ ಎಂಬ ಮುತ್ತಜ್ಜನ ಕಾಲದ ಕಾನೂನೊಂದಿದೆ. ಪಾಲು ಮಾಡಲು ಬಾರದ ಮನೆಯಾದರೆ, ಅರ್ಧಕ್ಕೆ ಕಡಿಮೆಯಿಲ್ಲದ ಪಾಲಿನವರು ಕೇಳಿಕೊಂಡರೆ, ನ್ಯಾಯಾಲಯ ಮನೆ ಮಾರಿಸಿ ಹಣ ಹಂಚಿಸಬಹುದು. ಅಂದರೆ ಮೂವರಲ್ಲಿ ಯಾರಾದರೂ ಇಬ್ಬರು ಒಂದಾದರೆ ಸಾಕು. ಕಾನೂನು ಬರೆದ ಇಂಗ್ಲಿಷರಿಗೆ ನಿಮ್ಮ ಪರಿಚಯವಿರಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಮೂವರಿಗೂ ಬೇಕಾಗಿರುವುದು ಸೈಟು. ಅಮ್ಮ ಬಾಳಿದ ಮನೆ ಕೆಡವಿದವರು ಎಂಬ ಹೆಸರು ಮಾತ್ರ ಯಾರಿಗೂ ಬೇಡ. ಅದಕ್ಕೇ ಕೆಡವುವ ಕೆಲಸವನ್ನು ಮಳೆಗೆ ಗುತ್ತಿಗೆ ಕೊಟ್ಟು ಕೂತಿದ್ದೀರಿ. ಕೂಲಿ ಕೇಳದ ಗುತ್ತಿಗೆದಾರ, ಒಪ್ಪಿದೆ. ಆದರೆ ಕೆಳಗೆ ಯಾರಿದ್ದಾರೆಂದು ನೋಡುವ ಅಭ್ಯಾಸ ಅವನಿಗಿಲ್ಲ. 2012ರ ಆಗಸ್ಟಿನಲ್ಲಿ ಇದೇ ಊರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಉಳಿಸುವುದೋ ಕೆಡವುವುದೋ ಎಂದು ಊರೆಲ್ಲ ಚರ್ಚೆ ಮಾಡಿದ್ದು ಬಿದ್ದಮೇಲೆ. ನಿಮ್ಮ ಮುಂಗೋಡೆಯ ಕೆಳಗೆ ಬೆಳಿಗ್ಗೆ ಎಂಟೂಕಾಲಿಗೆ ಶಾಲೆಯ ವ್ಯಾನಿಗೆ ಕಾಯುವ ಆರು ಮಕ್ಕಳು ನಿಲ್ಲುತ್ತಾರೆ. ಆಷಾಢ ಕಳೆದರೆ ಶ್ರಾವಣ, ಆಗಸ್ಟ್ ದೂರವಿಲ್ಲ.

ಆದ್ದರಿಂದ ಒಂದೇ ಪ್ರಾರ್ಥನೆ. ಕೇಸು ನಡೆಯಲಿ, ಬೇಕಾದರೆ ಮೊಮ್ಮಕ್ಕಳ ಕಾಲಕ್ಕೂ ಇರಲಿ. ಅಪಾಯದ ಗೋಡೆ ಇಳಿಸಲು, ಹಿತ್ತಿಲು ಚೊಕ್ಕಟ ಮಾಡಿಸಲು ಮೂವರೂ ಸೇರಿ ನ್ಯಾಯಾಲಯದ ಅನುಮತಿ ಕೇಳಿ. ಒಂದೇ ಅರ್ಜಿ, ಮೂರು ಸಹಿ. ಪೆನ್ನು ನಾನು ಕೊಡುತ್ತೇನೆ. ಅಂದು ನಿಮ್ಮ ಮೂವರಿಗೂ ನಮ್ಮ ಮನೆಯಲ್ಲೇ ಊಟ, ಆಗ ಸಿಕ್ಕುವುದಾದರೆ ನುಗ್ಗೆಕಾಯಿ ಹುಳಿ.

ಬಂದ ದಿನ ಒಬ್ಬರು ಕೀಲಿಕೈ ಮರೆತು ಬಂದಿದ್ದರೂ, ಚಿಕ್ಕಣ್ಣನವರಿಗೆ ನಂಬರ್ ನೆನಪಾಗದಿದ್ದರೂ ಮುಜುಗರ ಪಡಬೇಡಿ. ಮಧ್ಯಾಹ್ನದವರೆಗೆ ನಮ್ಮ ಜಗಲಿಯಲ್ಲಿ ಕೂತಿದ್ದು, ಕೆಂದಹಸುವಿನ ಹಿಂದೆ ಹೋಗಿ. ಅದಕ್ಕೆ ದಾರಿ ಗೊತ್ತು.

ಇತಿ,
ಗೋಡೆಯ ಈಚೆಯವಳು